ಅಪ್ಪ ಅರ್ಧಕ್ಕೆ ಬಿಟ್ಟ ಸಿನಿಮಾಗಳು

ಸಿಂಧನೂರು
14 ನವೆಂಬರ್ 2025, ಶುಕ್ರವಾರ

ಅಪ್ಪನವರಿಗೆ ನಿಮ್ಮ ಐಶಿಯ ಶರಣು.

ಕ್ಷೇಮ ಸಮಾಚಾರಕ್ಕಿಂತ ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೈ ಮುಂದೆ ಹೋಗುವುದಿಲ್ಲ. ನೀವು ಲಿಂಗಸುಗೂರಿನ ರೂಮಿನಲ್ಲಿ ಒಬ್ಬರೇ ಕೂತು ಮೊಬೈಲಿನಲ್ಲಿ ಯಾವ ಸಿನಿಮಾ ನೋಡುತ್ತೀರಿ, ಯಾವುದನ್ನು ಎಲ್ಲಿಗೆ ನಿಲ್ಲಿಸುತ್ತೀರಿ, ಎಲ್ಲಾ ನನಗೆ ಗೊತ್ತು. ವರ್ಷದ ಮೇಲಾಯಿತು, ನೋಡುತ್ತಲೇ ಇದ್ದೇನೆ. ರೀಚಾರ್ಜಿನ ಜೊತೆ ಆ ಸಿನಿಮಾ ಆ್ಯಪ್ ಬಂದಿತ್ತಲ್ಲ, ನೀವು ಜಳಕಕ್ಕೆ ಹೋದಾಗ ಅವ್ವ ನಿಮ್ಮ ಫೋನು ತಂದುಕೊಟ್ಟಳು, ಅದನ್ನು ಹಾಕಿದವಳು ನಾನೇ. ಅಪ್ಪ, ಅವ್ವ, ಐಶಿ ಎಂದು ಮೂರು ಹೆಸರಿನ ಮೂರು ಚೌಕ ಮಾಡಿದ್ದೆ, ಪ್ರೊಫೈಲ್ ಎನ್ನುತ್ತಾರಲ್ಲ, ಅದು. ಅವರವರ ಚೌಕ ಅವರವರಿಗೆ ಮಾತ್ರ ಎಂದು ನೀವು ತಿಳಿದಿರಬಹುದು. ಹಾಗಿಲ್ಲ. ಅದಕ್ಕೆ ಬಾಗಿಲಿದೆ, ಚಿಲಕ ಇಲ್ಲ. ನಾನು ದಿನಾ ನನ್ನ ಫೋನಿನಿಂದಲೇ ನಿಮ್ಮ ಬಾಗಿಲು ತೆರೆದು ಇಣುಕುತ್ತೇನೆ. ಸುಳ್ಳು ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ. ಇದೊಂದು ಇಷ್ಟು ದಿನ ನಿಂತಿತು, ಯಾಕೆಂದರೆ ಹೇಳಿದರೆ ನೀವು ನೋಡುವುದನ್ನೇ ನಿಲ್ಲಿಸಿಬಿಡುತ್ತೀರಿ ಎಂಬ ಹೆದರಿಕೆ ಇತ್ತು.

ಈಗ ತಡವಾದದ್ದಕ್ಕೆ ಕ್ಷಮೆ. ಈ ಪತ್ರವನ್ನು ಪಂಚಮಿಯಲ್ಲಿ ಶುರು ಮಾಡಿದ್ದೆ. ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ಈ ಕಾಲದಲ್ಲಿ ಪತ್ರ ಬರೆಯುವವರು ಯಾರು ಎಂದು ಕೇಳಬೇಡಿರಿ. ಫೋನು ಮಾಡಿದರೆ ನೀವು ಎತ್ತುವುದಿಲ್ಲ. ನೀವು ನನ್ನ ಹತ್ತಿರ ಮಾತು ಬಿಟ್ಟಿದ್ದೀರಿ, ಓದುವುದನ್ನೇನೂ ಬಿಟ್ಟಿಲ್ಲವಲ್ಲ. ನಾನು ಓದು ಬಿಟ್ಟೆ, ಮಾತು ಬಿಟ್ಟಿಲ್ಲ. ಲೆಕ್ಕ ಸರಿಹೋಯಿತು.

ಅಕ್ಷರ ಇಷ್ಟು ದೊಡ್ಡದಾಗಿದೆ ಎಂದು ನಗಬೇಡಿರಿ. ನಾಹಿದಾಳ ಅಂಗಡಿಯಲ್ಲಿ ಬ್ಲೌಸಿನ ಅಳತೆ ಕತ್ತರಿಸುವ ಅಗಲವಾದ ಕಂದು ಕಾಗದ ಇರುತ್ತದೆ. ಅದರ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆಯುತ್ತಿದ್ದೇನೆ. ನೆಲದ ಮೇಲೆ ಬೋರಲು ಬಿದ್ದು ಬರೆಯುವುದನ್ನು ನೋಡಿ ಅವ್ವ, "ಇದು ಪತ್ರನೋ, ಗ್ವಾಡಿ ಮ್ಯಾಲೆ ಬರಿಯೋ ಜಾಹೀರಾತೋ?" ಎಂದು ಕೇಳಿದಳು. ಅವ್ವ ಆರಾಮಿದ್ದಾಳೆ. ಮೊಣಕಾಲು ನೋವು ಮೊದಲಿನಷ್ಟೇ. ಭತ್ತದ ಕೊಯ್ಲು ಶುರುವಾಗಿದೆ, ಕಟಾವು ಮಷಿನ್‌ಗಳು ರಸ್ತೆಯ ತುಂಬ. ಒಣಹಾಕಿದ ಬಟ್ಟೆ ತಿರುಗಿ ಒಗೆಯುವ ಹಾಗಾಗುತ್ತದೆ, ಅಷ್ಟು ಧೂಳು.

ನನ್ನ ಸುದ್ದಿ ಹೇಳುತ್ತೇನೆ. ಎಷ್ಟೋ ಇದೆ, ಯಾವುದು ಮೊದಲು ಎಂದೇ ತಿಳಿಯುತ್ತಿಲ್ಲ!

ಕುಷ್ಟಗಿ ರಸ್ತೆಯಲ್ಲಿ ನಾಹಿದಾ ಹೊಲಿಗೆ ಅಂಗಡಿ ಹಾಕಿದ್ದಾಳೆ, ನನ್ನ ಜೊತೆ ಹೈಸ್ಕೂಲಿನಲ್ಲಿ ಇದ್ದಳಲ್ಲ, ಅವಳೇ. ನಾನು ಅಲ್ಲಿ ಕಾಜಾ, ಗುಂಡಿ, ಸೀರೆಯ ಫಾಲು ಮಾಡುತ್ತೇನೆ ಎಂದು ಅವ್ವ ಹೇಳಿರಬೇಕು. ಅದು ಅರ್ಧ ನಿಜ. ಉಳಿದರ್ಧ, ನಾನು ಅಲ್ಲಿ ಸಿನಿಮಾ ಓದುತ್ತೇನೆ. ಹೌದು, ಓದುತ್ತೇನೆ. ಅಂಗಡಿಯ ಗೋಡೆಗೆ ಒಂದು ಟಿವಿ ಇದೆ. ಮೊದಲು ಅದರಲ್ಲಿ ದಿನವಿಡೀ ಅತ್ತೆ ಸೊಸೆಯರ ಧಾರಾವಾಹಿ. ಒಂದು ದಿನ ನನಗೆ ತಲೆಕೆಟ್ಟು ನಮ್ಮ ಆ್ಯಪ್ ಹಾಕಿದೆ. ತೆರೆದ ಕೂಡಲೇ ಮೊದಲ ಸಾಲಿನಲ್ಲಿ ಕತ್ತಿ, ರಕ್ತ, ಬೆಂಕಿ, ಬಂದೂಕು. ಎರಡನೇ ಸಾಲಿನಲ್ಲಿ ಅದೇ ಬಂದೂಕು, ಬೇರೆ ಮೀಸೆ. ಚಲೋದು ಏನೂ ಇಲ್ಲವೆಂದಲ್ಲ ಅಪ್ಪ. ಸಂತೆಯಲ್ಲಿ ಕೂಗುವವರ ಕಾಯಿಪಲ್ಯೆ ಮುಂದಿರುತ್ತದೆ, ಕೂಗದ ಮುದುಕಿಯ ಬುಟ್ಟಿ ಹಿಂದಿರುತ್ತದೆ, ಹಾಗೆ. ಆ ಮುದುಕಿಯ ಬುಟ್ಟಿ ಹುಡುಕುವುದೇ ನನಗೆ ಹುಚ್ಚಾಗಿಬಿಟ್ಟಿತು.

ನಿಜ ಹೇಳಬೇಕೆಂದರೆ ಆ ಬುಟ್ಟಿಯ ದಾರಿ ತೋರಿಸಿದವರು ನೀವು. ನಿಮ್ಮ ಚೌಕದಲ್ಲಿ ಒಂದು ಸಾಲು ಇರುತ್ತದೆ, ಶುರು ಮಾಡಿ ಮುಗಿಸದೆ ಬಿಟ್ಟದ್ದೆಲ್ಲ ಅಲ್ಲಿ ಬಂದು ಕೂರುತ್ತದೆ. ಪ್ರತಿ ಚಿತ್ರದ ಕೆಳಗೆ ಒಂದು ಕೆಂಪು ಗೆರೆ, ಎಲ್ಲಿಯವರೆಗೆ ನೋಡಿದ್ದೀರಿ ಎಂದು ತೋರಿಸಲು. ಮೊದಲ ಸಲ ಆ ಸಾಲು ನೋಡಿದಾಗ ನಕ್ಕಿದ್ದೆ. ಯಾವ ದೇಶವೆಂದೇ ತಿಳಿಯದ ಗುಡ್ಡಗಾಡು, ಕುರಿಯವರು, ಮೀನಿನವರು, ಹಾಡಿಲ್ಲ, ಹೊಡೆದಾಟವಿಲ್ಲ. ನಮ್ಮಪ್ಪ ಇದನ್ನು ನೋಡುತ್ತಾರೆಯೇ! ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತುವ ಮನುಷ್ಯ, ಸಂಜೆ ರೂಮಿಗೆ ಬಂದು ಹಿಮದ ದೇಶದ ಮುದುಕರನ್ನು ನೋಡುತ್ತಾರೆ ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಆಮೇಲೆ ನೀವು ಬಿಟ್ಟದ್ದನ್ನು ನಾನು ನನ್ನ ಚೌಕದಲ್ಲಿ ಹಾಕಿಕೊಂಡು ಪೂರ್ತಿ ನೋಡತೊಡಗಿದೆ. ನಿಮ್ಮ ಚೌಕದಲ್ಲಿ ನೋಡಿದರೆ ನಿಮ್ಮ ಗೆರೆ ಜರುಗಿಬಿಡುತ್ತದೆ, ಅದಕ್ಕೆ. ನೀವು ಮಡಚಿಟ್ಟ ಹಾಳೆಯ ಮೂಲೆ ನಾನು ಬಿಚ್ಚಲಿಲ್ಲ.

ಒಳ್ಳೆಯದು ಯಾವುದು ಎಂದು ತಿಳಿಯಲು ನಮ್ಮ ಅಂಗಡಿಯಲ್ಲಿ ಒಂದು ಪರೀಕ್ಷೆ ಇದೆ. ಪೋಸ್ಟರ್ ನೋಡುವುದಿಲ್ಲ, ನಕ್ಷತ್ರ ಎಷ್ಟು ಕೊಟ್ಟಿದ್ದಾರೆ ಎಂದು ನೋಡುವುದಿಲ್ಲ. ಸಿನಿಮಾ ಹಾಕಿ ನಾಹಿದಾಳ ಮಷಿನ್ನಿಗೆ ಕಿವಿಗೊಡುವುದು. ಸಿನಿಮಾ ಸುಮಾರಾಗಿದ್ದರೆ ಮಷಿನ್ ಓಡುತ್ತಲೇ ಇರುತ್ತದೆ. ಚಲೋ ಇದ್ದರೆ ಅದು ನಿಧಾನವಾಗುತ್ತದೆ. ಬಹಳ ಚಲೋ ಇದ್ದರೆ ನಿಂತೇಬಿಡುತ್ತದೆ, ಸೂಜಿ ತೋಳಿನ ನಡುವೆ ಹಾಗೇ. ಅಂಗಡಿ ನಡೆಸುವವಳಿಗೆ ಇದು ನಷ್ಟದ ಪರೀಕ್ಷೆ ಎಂದು ನಾಹಿದಾ ಬೈಯುತ್ತಾಳೆ, ಬೈಯುತ್ತಲೇ "ಇವತ್ತ ಏನ್ ಹಾಕ್ತೀಬೇ?" ಎನ್ನುತ್ತಾಳೆ.

ತೊಂದರೆ ಒಂದೇ. ಮಾತೆಲ್ಲ ಪರದೇಶದ್ದು, ಕೆಳಗೆ ಬರುವ ಅಕ್ಷರ ಇಂಗ್ಲಿಷು. ಹೆಮ್ಮಿಂಗ್ ಮಾಡುವ ಆದಮ್ಮನಿಗೆ ಓದು ಬರುವುದಿಲ್ಲ, ನಾಹಿದಾ ಬಟ್ಟೆಯ ಮೇಲಿನ ಕಣ್ಣು ತೆಗೆಯುವ ಹಾಗಿಲ್ಲ. ಅದಕ್ಕೆ ನಾನು ಟಿವಿಯ ಪಕ್ಕ ಸ್ಟೂಲು ಹಾಕಿಕೊಂಡು ಆ ಅಕ್ಷರವನ್ನೆಲ್ಲ ನಮ್ಮ ಮಾತಿನಲ್ಲಿ ಹೇಳುತ್ತಾ ಹೋಗುತ್ತೇನೆ. ಗಂಡಸಿನ ಮಾತಿಗೆ ಗಂಡು ದನಿ, ಮುದುಕಿಯ ಮಾತಿಗೆ ಮುದುಕಿ ದನಿ. ಅಳತೆ ಕೊಡಲು ಬಂದವರೂ ಕೂತುಬಿಡುತ್ತಾರೆ. ನನಗೆ ಇಂಗ್ಲಿಷ್ ಎಲ್ಲಿಂದ ಬಂತು ಎಂದು ಆದಮ್ಮ ಕೇಳಿದಳು. ಮೋಟಾರಿನ ಮೈಮೇಲಿಂದ ಎಂದೆ. ನೆನಪಿದೆಯೇ ಅಪ್ಪ, ನಾನು ಸಣ್ಣವಳಿದ್ದಾಗ ಸುಟ್ಟ ಮೋಟಾರುಗಳ ಮೇಲಿನ ತಗಡಿನ ಚೀಟಿಯನ್ನು ಬೆರಳಿಟ್ಟು ಓದಿಸುತ್ತಿದ್ದಿರಿ. ನಾನು ಮೊದಲು ಕಲಿತ ಇಂಗ್ಲಿಷ್ ಎಂದರೆ ಎಷ್ಟು ಎಚ್‌ಪಿ, ಎಷ್ಟು ವೋಲ್ಟು, ಯಾವ ಊರಲ್ಲಿ ತಯಾರು. ಕಾಲೇಜಿನಲ್ಲಿ ಕಲಿತದ್ದಕ್ಕಿಂತ ಅದು ಗಟ್ಟಿ ನಿಂತಿದೆ.

ಎಲ್ಲಕ್ಕಿಂತ ಮೇಲಿನದು ಆ ಹೇಸರಗತ್ತೆಯ ಸಿನಿಮಾ. ನೀವು ಸರಿಯಾಗಿ ಅರ್ಧಕ್ಕೆ ಬಿಟ್ಟಿದ್ದೀರಲ್ಲ, ಅದೇ. ಒಬ್ಬ ಮುದುಕ, ಒಂದು ಕತ್ತೆ, ಒಂದು ಕಟ್ಟಿಗೆಯ ಸೇತುವೆ. ಕತ್ತೆ ಸೇತುವೆ ದಾಟುವುದಿಲ್ಲ. ಇಷ್ಟೇ ಕಥೆ! ಹಾಕಿದ ಸ್ವಲ್ಪ ಹೊತ್ತಿಗೆ ಆದಮ್ಮ ಹೊಲಿಗೆ ಕೆಳಗಿಟ್ಟಳು.

"ಏನಬೇ ಇದು, ಆಗಳಿಂದ ಕತ್ತಿ ನಿಂತಲ್ಲೇ ನಿಂತೈತಿ. ಕರೆಂಟ್ ಹೋಗೈತೇನು?"

"ಕರೆಂಟ್ ಐತಿ ಆದಮ್ಮ," ನಾಹಿದಾ ಅಂದಳು, "ಕತ್ತೀದೇ ಫ್ಯೂಸ್ ಹೋಗೈತಿ."

ಆಮೇಲೆ ಯಾರಿಗೂ ಬಿಡಲಾಗಲಿಲ್ಲ. ಮುದುಕ ಬೆಲ್ಲ ತೋರಿಸುತ್ತಾನೆ, ಬೈಯುತ್ತಾನೆ, ಸೇತುವೆಗೆ ಹುಲ್ಲು ಹಾಸುತ್ತಾನೆ. ಕತ್ತೆ ಮುಖ ತಿರುಗಿಸಿ ನಿಂತಿದೆ. ಅಂಗಡಿಯಲ್ಲಿ ಎರಡು ಪಂಗಡವಾದವು, "ದಾಟತೈತಿ" ಎನ್ನುವವರು ಒಂದು ಕಡೆ, "ಅದರಪ್ಪ ಬಂದ್ರೂ ದಾಟಂಗಿಲ್ಲ" ಎನ್ನುವವರು ಒಂದು ಕಡೆ. ಅಷ್ಟರಲ್ಲಿ ಮುದುಕ ಕತ್ತೆಯ ಹಣೆಗೆ ತನ್ನ ಹಣೆ ಹಚ್ಚಿ ಏನೋ ಅಂದ. ಕೆಳಗೆ ಅಕ್ಷರ ಬಂತು, "ಬೇರ್ ವಿತ್ ಮಿ." ನಾನು ದನಿಯೆತ್ತಿ ಹೇಳಿಬಿಟ್ಟೆ, "ನನ್ನ ಜತಿ ಕರಡಿ ಐತಿ ಅನ್ನಾಕತ್ತಾನ."

"ಹಂಗನ್ನು!" ಆದಮ್ಮ ತೊಡೆ ತಟ್ಟಿದಳು. "ಅದಕ್ಕ ಮತ್ತ ಕತ್ತಿ ದಾಟವಲ್ದು. ಅದಕ್ಕ ಕರಡಿ ವಾಸನಿ ಹತ್ತೈತಿ. ನಾವು ಸುಮ್ಮ ಅದನ್ನ ಬೈಯಾಕತ್ತೀವಿ ನೋಡು."

ಅಲ್ಲಿಂದ ಮುಂದೆ ಎಲ್ಲರೂ ಕರಡಿಯ ದಾರಿ ಕಾದರು. ಗಿಡ ಅಲ್ಲಾಡಿದರೆ ಉಸಿರು ಬಿಗಿಹಿಡಿದರು. ಕರಡಿ ಬರಲೇ ಇಲ್ಲ. ಮನೆಗೆ ಬಂದು ಫೋನಿನಲ್ಲಿ ಅರ್ಥ ಹುಡುಕಿದೆ. ಅದು ಕರಡಿಯಲ್ಲ ಅಪ್ಪ. "ಸ್ವಲ್ಪ ತಾಳು, ನನ್ನ ಸಲುವಾಗಿ ಸಹಿಸಿಕೋ" ಎಂದು ಮುದುಕ ಕತ್ತೆಯನ್ನು ಬೇಡಿಕೊಂಡದ್ದು. ನನಗೆ ಅನ್ನ ಸೇರಲಿಲ್ಲ. ಮರುದಿನ ಅಂಗಡಿಯಲ್ಲಿ ನಿಂತು, ನಾನು ಹೇಳಿದ್ದು ತಪ್ಪು, ಕರಡಿ ಇರಲೇ ಇಲ್ಲ ಎಂದು ಹೇಳಿದೆ. "ಇಲ್ಲೇನು? ನಿನ್ನೆ ಪೂರಾ ಜೀವ ಕೈಯಾಗ ಹಿಡ್ಕೊಂಡು ಕುಂತೀವಲ್ಲಬೇ!" ಎಂದು ನಾಹಿದಾ ಗಜಕಡ್ಡಿ ತೆಗೆದುಕೊಂಡು ಬೆನ್ನು ಹತ್ತಿದಳು. ಆವತ್ತಿನಿಂದ ನಮ್ಮ ಅಂಗಡಿಯಲ್ಲಿ ತಾಳ್ಮೆಗೆ ಕರಡಿ ಎಂದೇ ಹೆಸರು. ಗಿರಾಕಿ ಬಂದು "ನನ್ನ ಬ್ಲೌಸ್ ಯಾವಾಗ ಕೊಡ್ತೀರಿ?" ಎಂದು ಜೋರು ಮಾಡಿದರೆ ಆದಮ್ಮ, "ಕರಡಿ ಬರತೈತಿ, ತಾಳವಾ" ಎನ್ನುತ್ತಾಳೆ. ಪಾಪ ಅವರು ಬಾಗಿಲ ಕಡೆ ನೋಡುತ್ತಾರೆ.

ಕತ್ತೆ ದಾಟಿತೋ ಇಲ್ಲವೋ ನಾನು ಬರೆಯುವುದಿಲ್ಲ. ನೀವೇ ನೋಡಬೇಕು. ನೀವು ನಿಲ್ಲಿಸಿದ ಜಾಗ ಮಾತ್ರ ನನಗೆ ಚುಚ್ಚಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಅರ್ಧ ಸಿನಿಮಾದವರೆಗೆ ಮಾತೇ ಇಲ್ಲ ಎನ್ನಬಹುದು. ಆಮೇಲೆ ಪಟ್ಟಣದಿಂದ ಮುದುಕನ ಮಗಳು ಬರುತ್ತಾಳೆ. ಬಂದವಳೇ ಗಳಗಳ ಮಾತಿಗೆ ಶುರು ಮಾಡುತ್ತಾಳೆ. ಸರಿಯಾಗಿ ಅಲ್ಲಿಗೆ ನಿಮ್ಮ ಕೆಂಪು ಗೆರೆ ನಿಂತಿದೆ. ಸಿನಿಮಾದಲ್ಲೂ ಮಗಳು ಬಾಯಿ ತೆಗೆದರೆ ನಮ್ಮಪ್ಪ ಎದ್ದುಹೋಗುತ್ತಾರೆ ಎಂದುಕೊಂಡೆ. ಆ ದಿನ ಕಾಜಾಗಳೆಲ್ಲ ಸೊಟ್ಟ ಬಂದವು.

ಇನ್ನು ಮೇಕೆಯ ವಿಷಯ! ದೂರದ ಯಾವುದೋ ದೇಶದಲ್ಲಿ ಮರದ ಕೆಳಗೆ ಜಡ್ಜ್ ಕೂತು, ಮೇಕೆ ಯಾರದು ಎಂಬಂಥ ಹಳ್ಳಿಯವರ ಜಗಳ ಬಿಡಿಸುವ ಆ ಶೋ ನಿಮ್ಮ ಸಾಲಿನಲ್ಲಿ ಹೇಗೆ ಬಂತು ಎಂದು ನಿಮಗೆ ಗೊತ್ತೇ? ನಾನು ಮರೆತು ನಿಮ್ಮ ಚೌಕದಲ್ಲೇ ಅದನ್ನು ಹಾಕಿದ್ದೆ. ಅಂಗಡಿಯ ಟಿವಿಯಲ್ಲಿ ಅಕ್ಷರಗಳು ಬದನೆಕಾಯಿ ಗಾತ್ರ ಬಂದವು. ಒಂದೊಂದು ಸಾಲು ಅರ್ಧ ಪರದೆ ಮುಚ್ಚುತ್ತಿತ್ತು, ಹಿಂದಿನ ಜನರ ಮುಖವೇ ಕಾಣದು. "ಇದೇನು ಅಕ್ಷರಕ್ಕ ಬಾವು ಬಂದೈತೇನು?" ಎಂದು ಎಲ್ಲರೂ ನಕ್ಕರು. ಆಮೇಲೆ ನೋಡಿದರೆ ಅದು ನಿಮ್ಮ ಚೌಕ. ತೆಗೆದುಹಾಕೋಣ ಎಂದುಕೊಂಡವಳು ಮತ್ತೆ ಹಾಗೇ ಬಿಟ್ಟೆ. ಎರಡು ದಿನ ಬಿಟ್ಟು ನೋಡುತ್ತೇನೆ, ಮೇಕೆಯ ಗೆರೆ ಮುಂದಕ್ಕೆ ಸರಿದಿದೆ! ಅಪ್ಪ, ನಾನು ಅಂಗಡಿಯಲ್ಲೇ ಕುಣಿದೆ. ಮಾತು ಬಿಟ್ಟ ಮನುಷ್ಯ ನಾನಿಟ್ಟದ್ದನ್ನು ಎತ್ತಿಕೊಂಡ. ಆವತ್ತಿನಿಂದ ಬೇಕೆಂದೇ ಒಂದೊಂದು ಇಡತೊಡಗಿದೆ, ಮಾತು ಕಡಿಮೆ ಇರುವ, ನಿಮಗೆ ಹಿಡಿಸುವಂಥವು. ಕೆಲವನ್ನು ಮುಟ್ಟಿದಿರಿ, ಕೆಲವನ್ನು ಮುಟ್ಟಲಿಲ್ಲ. ಮುಟ್ಟಿದ ದಿನ ನನಗೆ ಹಬ್ಬ.

ದೀಪಾವಳಿ ಅಮವಾಸ್ಯೆಗೆ ನೀವು ಬಂದಾಗ ಆದದ್ದು ನೆನೆಸಿಕೊಂಡರೆ ಈಗಲೂ ನಗು. ಅಮವಾಸ್ಯೆಗೆ ಅಂಗಡಿ ರಜೆ ಎಂದು ತಿಂಗಳಿಗೊಮ್ಮೆ ಬರುವವರು ನೀವು, ಬಂದರೂ ನನ್ನ ಜೊತೆ ಮಾತೆಲ್ಲ ಅವ್ವನ ಮೂಲಕ. ನಾನು ಎದುರಿಗೇ ಕೂತಿದ್ದರೂ "ನಿನ್ನ ಮಗಳಿಗೆ ಉಪ್ಪು ಕೊಡು ಅನ್ನು." ಆ ದಿನ ರೊಟ್ಟಿ ಮುರಿಯುತ್ತಾ ಯಾರಿಗೂ ಅಲ್ಲದ ಹಾಗೆ ಅಂದಿರಿ, "ಜಡ್ಜ್ ತಪ್ಪು ತೀರ್ಪು ಕೊಟ್ಟ. ಮೇಕಿ ಮುದುಕೀದು."

ಅವ್ವ ಹಿಟ್ಟಿನ ಕೈಯಲ್ಲೇ ತಿರುಗಿದಳು. "ಯಾವ ಜಡ್ಜು? ಯಾವ ಮೇಕಿ? ಲಿಂಗಸುಗೂರಾಗ ಮೇಕಿ ಕೇಸ್ ನಡದೈತೇನು?"

ನಾನೂ ಅವ್ವನಿಗೇ ಹೇಳಿದೆ, "ಅವ್ವ, ಅಪ್ಪಗ ಹೇಳು. ಮೇಕಿ ಮುದುಕೀದಲ್ಲ. ಕಿವಿ ಕತ್ತರಿಸಿದ ಗುರುತು ನೋಡ್ಲಿಲ್ಲೇನು ಅನ್ನು."

"ಕಿವ್ಯಾಗ ಗುರುತು ಎಲ್ಲಿತ್ತು?" ಅಂದಿರಿ. ಸೀದಾ ನನಗೇ! ಅಂದಮೇಲೆ ನಿಮಗೇ ತಿಳಿದು ಅವ್ವನ ಕಡೆ ತಿರುಗಿ, "ಎಲ್ಲಿತ್ತು ಅಂತ ಕೇಳು" ಎಂದು ಸೇರಿಸಿದಿರಿ.

"ಮೂರು ಸಲ ತೋರಿಸ್ಯಾರ, ಟಿವಿ ತುಂಬ ಕಿವೀನೇ ಐತಿ ಅಂತ ಹೇಳವ್ವ."

"ನಿಮ್ಮಿಬ್ಬರ ನಡುವ ನಾ ಏನು ಪೋಸ್ಟ್ ಆಫೀಸೇನು?" ಎಂದು ಅವ್ವ ಎದ್ದುಹೋದಳು. ನೀವು ಬೇಗ ಕೈತೊಳೆದಿರಿ. ವಾದದಲ್ಲಿ ಸೋತಿರಿ ಎಂದು ನಾನು ಒಳಗೊಳಗೇ ಹಿಗ್ಗಿದೆ. ಮರುದಿನ ಮುಂಜಾನೆ ಅದೇ ಹಿಗ್ಗಿನಲ್ಲಿ ನಿಮ್ಮ ಬುತ್ತಿ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಿಂದ ಹಾದುಹೋದಿರಿ, ತಿರುಗಿ ನೋಡಲಿಲ್ಲ. ಅವ್ವ ಓಡಿಬಂದು ಬುತ್ತಿ ಕಸಿದುಕೊಂಡು ನಿಮ್ಮ ಕೈಗೆ ಕೊಟ್ಟಳು.

ನಿಮ್ಮ ಸುದ್ದಿ ನನಗೆ ರಾಜೇಸಾಬ್ ಮಾಮಾನಿಂದ ಗೊತ್ತಾಗುತ್ತಿರುತ್ತದೆ. ಇಲ್ಲಿಯ ಸುಟ್ಟ ಮೋಟಾರುಗಳನ್ನು ತನ್ನ ಟಂಟಂ ಗಾಡಿಯಲ್ಲಿ ಹೇರಿಕೊಂಡು ನೀವು ಕೆಲಸ ಮಾಡುವ ಹಂಪಣ್ಣ ಕಾಕಾನ ಅಂಗಡಿಗೆ ಬರುತ್ತಾನಲ್ಲ, ಹೋಗುವ ಮುಂಚೆ ನಾಹಿದಾಳ ಅಂಗಡಿಯ ಮುಂದೆ ಚಹಾಕ್ಕೆ ನಿಲ್ಲುತ್ತಾನೆ. ಹೋದ ವಾರ ಬಾಯಿ ತುಂಬ ಹೊಗಳಿದ. "ನಿಮ್ಮಪ್ಪ ಅಂದ್ರ ಉಸ್ತಾದ್ ಬೇ. ಈಗೀಗ ತಂತಿ ನೋಡೂದೇ ಇಲ್ಲ. ಬೆರಳಿಲೆ ಸವರಿ ಎಲ್ಲಿ ಸುಟ್ಟೈತಿ ಅಂತ ಹೇಳಿಬಿಡ್ತಾನ. ಕಣ್ಣು ಮುಚ್ಚಿ ವೈಂಡಿಂಗ್ ಮಾಡೋ ಮನಿಷಾನ್ನ ನಾ ಎಲ್ಲೂ ನೋಡಿಲ್ಲ." ನಾನು ಹೆಮ್ಮೆಯಿಂದ ಅದನ್ನು ಅಂಗಡಿಯವರಿಗೆಲ್ಲ ಹೇಳಿದೆ. ಎಲ್ಲರೂ "ಅಬ್ಬಾ" ಅಂದರು. ಆದಮ್ಮ ಮಾತ್ರ ಹೆಮ್ಮಿಂಗ್ ಬಿಟ್ಟು ತಲೆಯೆತ್ತಿದಳು.

ಕಾಲೇಜಿನ ಮಾತು ಬರದೆ ಈ ಪತ್ರ ಮುಗಿಯುವುದಿಲ್ಲ ಎಂದು ನಿಮಗೂ ಗೊತ್ತು. ಮತ್ತೆ ಹೋಗುತ್ತೇನೆ, ಪಿಯುಸಿ ಮುಗಿಸುತ್ತೇನೆ ಎಂದು ಇಲ್ಲಿ ಒಂದು ಸಾಲು ಬರೆದರೆ ನೀವು ಖುಷಿಪಡುತ್ತೀರಿ. ಆದರೆ ಅದು ಸುಳ್ಳು. ನನಗೆ ಯಾರೂ ತೊಂದರೆ ಕೊಡಲಿಲ್ಲ, ಫೇಲಾಗುವ ಹೆದರಿಕೆಯೂ ಅಲ್ಲ. ಬೆಂಚಿನ ಮೇಲೆ ಕೂತರೆ ಕಾಲಿನಲ್ಲಿ ಇರುವೆ ಹರಿದಾಡಿದ ಹಾಗಾಗುತ್ತಿತ್ತು. ನೀವು ಎಲ್ಲರ ಮುಂದೆ "ನನ್ನ ಮಗಳು ಎಲೆಕ್ಟ್ರಿಕಲ್ ಇಂಜಿನಿಯರ್ ಆಗ್ತಾಳ" ಎಂದು ಹೇಳಿಕೊಂಡಿದ್ದಿರಿ, ನಾನು ಹಾಸ್ಟೆಲ್ಲಿನಿಂದ ಟ್ರಂಕ್ ಹೊತ್ತುಕೊಂಡು ಬಾಗಿಲಲ್ಲಿ ನಿಂತೆ. ಆಗ ನೀವು ಒಂದು ಮಾತು ಅಂದಿರಿ. ಅದನ್ನು ಇಲ್ಲಿ ಬರೆಯುವುದಿಲ್ಲ. ಮಾತು ಬಿಟ್ಟು ಇದು ಎರಡನೇ ದೀಪಾವಳಿ. ಸ್ಟೂಲಿನ ಮೇಲೆ ಕೂತು ಸಿನಿಮಾ ಓದುವಾಗ ಮಾತ್ರ ನನ್ನ ಕಾಲಿನ ಇರುವೆಗಳು ಸುಮ್ಮನಿರುತ್ತವೆ, ಅಪ್ಪ. ಇದರಿಂದ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಅವ್ವ ಒಂದು ಉಪಾಯ ಹೇಳಿದ್ದಳು. "ಮಸ್ಕಿ ಸರಿ ನಡುವ ಐತಿ. ನೀ ಇಲ್ಲಿಂದ ದೊಡ್ಡಮ್ಮನ ಮನಿಗೆ ಹೋಗು, ಅವ್ರು ಅಲ್ಲಿಂದ ಬರ್ಲಿ. ಇಬ್ರೂ ಅರ್ಧರ್ಧ ದಾರಿ ಬಂದಂಗಾತು, ಯಾರ ಮರ್ಯಾದೀನೂ ಹೋಗಂಗಿಲ್ಲ." ಬರುವ ಅಮವಾಸ್ಯೆಗೆ ಹಾಗೇ ಮಾಡೋಣ ಎಂದು ನಾನು ಹೂಂ ಅಂದಿದ್ದೆ. ಮಸ್ಕಿಯ ಗುಡ್ಡದ ನೆರಳಿನಲ್ಲಿ, ಪೀರಮ್ಮ ದೊಡ್ಡಮ್ಮನ ಪಡಸಾಲೆಯಲ್ಲಿ ನಿಮ್ಮ ಎದುರು ಹೇಗೆ ಕೂರಬೇಕು, ಮೊದಲು ಏನು ಅನ್ನಬೇಕು ಎಂದೆಲ್ಲ ಯೋಚಿಸಿಟ್ಟಿದ್ದೆ. ಮೇಕೆಯಿಂದ ಶುರು ಮಾಡೋಣ ಎಂದಿತ್ತು.

ಕಾಗದ ಮುಗಿಯುತ್ತಾ ಬಂತು, ನಾಹಿದಾ ಇನ್ನು ಕೊಡುವುದಿಲ್ಲ ಎನ್ನುತ್ತಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ. ಹಂಪಣ್ಣ ಕಾಕಾನಿಗೆ ನನ್ನ ನಮಸ್ಕಾರ. ನನ್ನ ತಲೆಯ ಮೇಲೆ ನಿಮ್ಮ ಕೈ ಇರಲಿ. ಸಿಟ್ಟಿನಿಂದ ಇಟ್ಟರೂ ನಡೆಯುತ್ತದೆ.

ನಿಮ್ಮ ಮಗಳು,
ಐಶ್ವರ್ಯ

ತಾ.ಕ.: ಅಪ್ಪ, ಈ ಕಾಗದದ, ದೊಡ್ಡ ಅಕ್ಷರದ ಮಾತು ಬಿಟ್ಟು ಮೇಲಿನದನ್ನೆಲ್ಲ ನಿನ್ನೆ ಮಧ್ಯಾಹ್ನದೊಳಗೆ ಬರೆದು ಮುಗಿಸಿದ್ದೆ, ಆಗ ಸಣ್ಣ ಅಕ್ಷರದಲ್ಲಿ. ಇವತ್ತು ಅದನ್ನೇ ಈ ದೊಡ್ಡ ಕಾಗದಕ್ಕೆ ಇಳಿಸಿದೆ. ಯಾಕೆಂದು ಹೇಳುತ್ತೇನೆ.

ನಿನ್ನೆ ಆದಮ್ಮನ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಅವಳು ಸೂಜಿ ತೆಗೆದುಕೊಳ್ಳದೆ ನನ್ನನ್ನೇ ನೋಡುತ್ತಾ, "ನಿಮ್ಮಪ್ಪನ ಕಣ್ಣು ಹೆಂಗದಾವಬೇ?" ಎಂದು ಕೇಳಿದಳು. ಚಲೋ ಇವೆ, ಕಣ್ಣು ಮುಚ್ಚಿಯೇ ಮೋಟಾರು ಕಟ್ಟುತ್ತಾರಲ್ಲ ಎಂದೆ. "ಹೂಂ, ನಾನೂ ಹಂಗ ಮಾಡ್ತಿದ್ದೆ," ಅಂದಳು. "ಪೊರಿ ಬಂದಾಗ ಬೆರಳಿಲೆ ಹೊಲಿತಿದ್ದೆ. ಕೆಲಸ ಹೋಗತೈತಿ ಅಂತ ಯಾರ ಮುಂದೂ ಬಾಯಿ ಬಿಡಲಿಲ್ಲ. ಅಕ್ಷರ ಬದನಿಕಾಯಿ ಆಗ್ಯಾವ ಅಂತ ನೀವೆಲ್ಲ ನಕ್ರಿ. ತಾನಾಗಿ ಹಂಗ ಆಗತಾವೇನು? ಯಾರೋ ಮಾಡಿಸ್ಯಾರ."

ನಾನು ನಿಮ್ಮ ಚೌಕ ತೆರೆದು ಒಂದೊಂದನ್ನೇ ನೋಡಿದೆ. ಅಕ್ಷರದ ಗಾತ್ರ ಎಲ್ಲಕ್ಕಿಂತ ದೊಡ್ಡದಕ್ಕೆ ಇಟ್ಟಿದೆ. ಯಾರ ಕೈಲಿ ಮಾಡಿಸಿದಿರೋ ಗೊತ್ತಿಲ್ಲ. ನೀವು ಬಿಟ್ಟ ಸಿನಿಮಾಗಳೆಲ್ಲ ಮಗಳು ಬಂದಲ್ಲಿ ನಿಂತಿಲ್ಲ ಅಪ್ಪ. ಮಾತು ಹೆಚ್ಚಾದಲ್ಲಿ, ಅಕ್ಷರ ಬೇಗಬೇಗ ಬರತೊಡಗಿದಲ್ಲಿ ನಿಂತಿವೆ. ಎಲ್ಲವೂ ಅಲ್ಲೇ. ಇತ್ತೀಚಿನವು ಇನ್ನೂ ಬೇಗ ನಿಂತಿವೆ. ಮೇಕೆಯ ಕಿವಿ ಟಿವಿ ತುಂಬ ಇತ್ತು, ನಿಮಗೆ ಸಿಗಲಿಲ್ಲ. ನಾನು ಗೆದ್ದೆ ಎಂದು ಹಿಗ್ಗಿದೆ.

ಟ್ರಂಕ್ ಹೊತ್ತು ಬಂದ ದಿನ ನೀವು ಅಂದ ಮಾತು, "ಇನ್ನ ನಿನ್ನ ಮುಖ ನೋಡಂಗಿಲ್ಲ." ಅದನ್ನು ಎರಡು ದೀಪಾವಳಿ ಸಿಟ್ಟಿನ ಮಾತು ಎಂದು ಹೊತ್ತುಕೊಂಡಿದ್ದೆ, ಭಾರ ಅನಿಸಿರಲಿಲ್ಲ. ನಿನ್ನೆಯಿಂದ ಅದನ್ನು ಹೊರಲಾಗುತ್ತಿಲ್ಲ. ಆ ದಿನ ಗೇಟಿನಲ್ಲಿ ಬುತ್ತಿ ಹಿಡಿದು ನಿಂತಿದ್ದೆನಲ್ಲ, ನೀವು ನನ್ನನ್ನು ನೋಡಲಿಲ್ಲವೋ, ನಾನು ನಿಮಗೆ ಕಾಣಲಿಲ್ಲವೋ? ನೋಡದಿದ್ದರೆ ನಡೆಯುತ್ತದೆ. ಇನ್ನೂ ಹತ್ತು ದೀಪಾವಳಿ ನೋಡಬೇಡಿರಿ. ಕಾಣದೇ ಹೋಗಿದ್ದರೆ ಮಾತ್ರ ನನಗೆ ತಡೆಯಲಾಗುವುದಿಲ್ಲ.

ಆದಮ್ಮನಿಗೆ ಆಪರೇಷನ್ ಆಗಿ ಈಗ ಎಲ್ಲಾ ಕಾಣುತ್ತದೆ, ಸೂಜಿಯ ಕಣ್ಣೊಂದನ್ನು ಬಿಟ್ಟು. ನಿಮ್ಮದೂ ಪೊರೆಯೋ ಬೇರೇನೋ ನನಗೆ ಗೊತ್ತಿಲ್ಲ, ಡಾಕ್ಟರ್ ಹೇಳಲಿ. ಅವ್ವನಿಗೆ ಇನ್ನೂ ಹೇಳಿಲ್ಲ. ಇವತ್ತು ರಾತ್ರಿ ಹೇಳುತ್ತೇನೆ, ಮುಚ್ಚಿಡಲು ನನ್ನಿಂದಾಗದು.

ಈ ಪತ್ರವನ್ನು ಈಗ ರಾಜೇಸಾಬ್ ಮಾಮಾನ ಕೈಗೆ ಕೊಡುತ್ತಿದ್ದೇನೆ, ಸಂಜೆಗೆ ನಿಮಗೆ ತಲುಪುತ್ತದೆ. ಇಷ್ಟು ದೊಡ್ಡ ಅಕ್ಷರವೂ ಸಾಲದಿದ್ದರೆ ಬೇರೆಯವರ ಕೈಲಿ ಓದಿಸಬೇಡಿರಿ. ಮಡಚಿ ಹಾಗೇ ಇಟ್ಟುಕೊಳ್ಳಿರಿ, ನಾನೇ ಓದುತ್ತೇನೆ. ಆಸ್ಪತ್ರೆಯಲ್ಲಿ ಸರದಿ ಕಾಯುವಾಗ ಕತ್ತೆಯ ಸಿನಿಮಾ ನೀವು ಬಿಟ್ಟಲ್ಲಿಂದ ಹಾಕೋಣ. ಆ ಮಗಳ ಮಾತನ್ನೆಲ್ಲ ನಿಮ್ಮ ಕಿವಿಯಲ್ಲಿ ಹೇಳುತ್ತೇನೆ. ನೀವು ನನಗೆ ಉತ್ತರ ಕೊಡಬೇಕೆಂದೇನೂ ಇಲ್ಲ. ಅಲ್ಲಿಯವರೆಗೆ ಕರಡಿ, ಅಪ್ಪ.

ಅಮವಾಸ್ಯೆಯವರೆಗೆ ಕಾಯುವುದಿಲ್ಲ, ಮಸ್ಕಿಯಲ್ಲಿ ಇಳಿಯುವುದೂ ಇಲ್ಲ. ನಾಳೆ ಮುಂಜಾನೆ ಮೊದಲ ಬಸ್ಸಿಗೆ ಲಿಂಗಸುಗೂರಿಗೆ ಹೊರಡುತ್ತೇನೆ.